ರೊಕ್ಕ ಕೊಡದೆ ಸಿಗುವ ಚೀಟಿಗೂ ಟಿಕೆಟ್ ಅಂತಾರಲ್ಲ, ಈ ಮಾತು ಬಂದದ್ದೆಲ್ಲಿಂದ?

ಗಂಜ್ ಗುಮಾಸ್ತ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಹೋದ ಗುರುವಾರ ಅವ್ವನನ್ನು ಗಾಣಗಾಪುರಕ್ಕೆ ಕರೆದುಕೊಂಡು ಹೋಗಿದ್ದೆ. ಕಂಡಕ್ಟರ್ ಮಷೀನಿನಿಂದ ಎರಡು ಚೀಟಿ ಹರಿದು ಕೊಟ್ಟ. ನನ್ನದಕ್ಕೆ ದುಡ್ಡು ತೆಗೆದುಕೊಂಡ. ಅವ್ವನ ಚೀಟಿಯಲ್ಲಿ ಸೊನ್ನೆ. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಆವತ್ತಿನಿಂದ ಅವ್ವ ಎಷ್ಟೋ ಸಲ ಬಸ್ ಹತ್ತಿದ್ದಾಳೆ, ಎಷ್ಟೋ ಇಂಥ ಚೀಟಿ ಸೆರಗಿನ ತುದಿಗೆ ಕಟ್ಟಿಕೊಂಡಿದ್ದಾಳೆ. ಆದರೆ ಈ ಸಲ ಯಾಕೋ ತಿರುಗಿಸಿ ಮುರುಗಿಸಿ ನೋಡಿ ಕೇಳಿಯೇ ಬಿಟ್ಟಳು.

"ತಮ್ಮಾ, ರೊಕ್ಕಾ ಬ್ಯಾಡ ಅಂತಿ. ಮತ್ತ ಟಿಕೀಟ್ ಯಾಕ ಕೊಡ್ಲತ್ತಿ?"

"ಇರಲಿ, ಇಟ್ಕೊ ಯವ್ವಾ. ಇದು ಇದ್ರೇನೇ ಲೆಕ್ಕ" ಅಂದ ಅವನು. ಬಸ್ ತುಂಬಿತ್ತು, ಮುಂದೆ ಹೋದ.

ಅವ್ವನಿಗೆ ಸಮಾಧಾನ ಆಗಲಿಲ್ಲ. "ನಿಮ್ಮಪ್ಪ ಇದ್ದಿದ್ರ ಹೇಳ್ತಿದ್ರು ನೋಡು" ಅಂದಳು.

ಅಪ್ಪ ಕಂಡಕ್ಟರ್ ಆಗಿದ್ದ. ಇಪ್ಪತ್ತೊಂಬತ್ತು ವರ್ಷ ಇದೇ ಹಾದಿಗಳಲ್ಲಿ ತಿರುಗಿದ. ಅಫಜಲಪುರ, ಜೇವರ್ಗಿ, ಚಿಂಚೋಳಿ, ಆಳಂದ. 2000ನೇ ಇಸವಿಯಲ್ಲಿ ನಮ್ಮ ಭಾಗಕ್ಕೆ ಬೇರೆ ಸಾರಿಗೆ ನಿಗಮ ಆದಾಗ ಅದೇ ಚರ್ಮದ ಚೀಲ ಹಾಕಿಕೊಂಡು ಹೊಸ ಹೆಸರಿನ ಬಸ್ಸಿಗೆ ಹತ್ತಿದ. ಆಗ ಮಷೀನ್ ಎಲ್ಲಿತ್ತು? ತಗಡಿನ ಟ್ರೇಯಲ್ಲಿ ದರಕ್ಕೊಂದು ಬಣ್ಣದ ಟಿಕೆಟ್ ಕಟ್ಟು ಸಾಲಾಗಿ ಇರುತ್ತಿತ್ತು. ಪತಂಗದ ಕಾಗದದಷ್ಟು ತೆಳು. ಅಪ್ಪ ಹೆಬ್ಬೆರಳಿನಿಂದ ಒಂದು ಸರಿಸಿ ಹರಿದು, ಪಂಚಿನಿಂದ ಒಂದು ತೂತು ಹಾಕಿ ಕೊಡುತ್ತಿದ್ದ. ಎಲ್ಲಿ ಹತ್ತಿದರು ಅನ್ನೋದು ಆ ತೂತಿನಲ್ಲಿ ಇರುತ್ತಿತ್ತು. ರಜೆಯಲ್ಲಿ ಒಮ್ಮೊಮ್ಮೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಹಿಂದಿನ ಬಾಗಿಲ ಹತ್ತಿರದ ಸೀಟಿನಲ್ಲಿ ಕೂತು ಆ ಪಂಚಿನ ಸಪ್ಪಳ ಕೇಳುತ್ತಿದ್ದೆ. ಟಿಕ್, ಟಿಕ್. ಹಾಗೆ ಸಪ್ಪಳ ಮಾಡೋದರಿಂದಲೇ ಅದಕ್ಕೆ ಟಿಕೆಟ್ ಅಂತ ಹೆಸರು ಎಂದು ಹತ್ತನೇ ಕ್ಲಾಸಿನ ತನಕ ನಂಬಿದ್ದೆ.

ಈಗ ಅವ್ವನ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಯೋಚನೆ ಮಾಡಿದಷ್ಟೂ ಜಾಸ್ತಿ ಗೋಜಲಾಗುತ್ತಿದೆ. ಚುನಾವಣೆ ಬಂದರೆ ನಮ್ಮ ಗಂಜಿನಲ್ಲಿ "ಟಿಕೆಟ್ ಯಾರಿಗೆ?" ಅನ್ನೋದೇ ಮಾತು. ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಫೋನಿನಲ್ಲಿ ಯಾರಿಗೋ "ಟಿಕೆಟ್ ರೈಸ್ ಮಾಡಿ" ಅನ್ನುತ್ತಿರುತ್ತಾಳೆ. ಊರಲ್ಲಿ ಹಿರಿಯರೊಬ್ಬರು ಹೋದರೆ "ಟಿಕೆಟ್ ತಗೊಂಡ್ರು" ಅನ್ನುವವರೂ ಇದ್ದಾರೆ. ಬಸ್ಸಿನ ಚೀಟಿ, ಪಾರ್ಟಿಯ ಸೀಟು, ಕಂಪ್ಯೂಟರಿನ ದೂರು, ಸಾವು. ಇಷ್ಟಕ್ಕೂ ಒಂದೇ ಮಾತಾ? ಮೊದಲು ಯಾವ ಅರ್ಥ ಇತ್ತು? ರೊಕ್ಕ ಅದರೊಳಗೆ ಯಾವಾಗ ಸೇರಿತು? ಇದಕ್ಕೆ ಕನ್ನಡದಲ್ಲಿ ಒಂದು ಮಾತು ಇದೆಯಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಬರೆಯಿರಿ. ಅವ್ವನಿಗೆ ಓದಿ ಹೇಳಬೇಕು.

ಬಳೆ ಅಂಗಡಿ ಅಕ್ಕ, ಶಹಾಪುರ

ನಿಮ್ಮ ಅವ್ವನ ಪ್ರಶ್ನೆ ಭಾಳ ಚಲೋ ಅದ ತಮ್ಮಾ. ನನಗೆ ಇಂಗ್ಲಿಷ್ ಅಷ್ಟು ಬರಲ್ಲ. ಆದರೆ ಒಂದು ಅನುಮಾನ ಹೇಳುತ್ತೇನೆ. ನನ್ನ ಅಂಗಡಿಯಲ್ಲಿ ದಿನಾ ಟಿಕಳಿ ಪಾಕೀಟು ಮಾರುತ್ತೇನೆ. ಹಣೆಗೆ ಅಂಟಿಸುವ ಟಿಕಳಿ. ಹಿಂದಿನ ಕಾಗದ ಕಿತ್ತು ಹಚ್ಚಿಕೊಳ್ಳೋದು ಅಷ್ಟೆ. ಟಿಕೆಟ್ ಅನ್ನೋದೂ ಹೀಗೇ ಅಂಟಿಸುವ ಚೀಟಿಯಿಂದ ಬಂದಿರಬಹುದಲ್ವಾ? ಅಂಚೆ ಇಲಾಖೆಯ ಸ್ಟಾಂಪಿಗೂ ನಮ್ಮ ಕಡೆ ಹಳಬರು ಟಿಕೆಟ್ ಅಂತಲೇ ಅನ್ನುತ್ತಾರೆ. ನಾಲಿಗೆಗೆ ಹಚ್ಚಿ ಲಕೋಟೆಗೆ ಅಂಟಿಸುತ್ತಿದ್ದೆವು. ಟಿಕಳಿ, ಟಿಕೆಟ್, ಎರಡರಲ್ಲೂ 'ಟಿಕ' ಇದೆ. ನಮ್ಮಿಂದಲೇ ಅವರು ಒಯ್ದಿರಬಹುದು. ತಿಳಿದವರು ಹೇಳಲಿ.

ಬೀದರ್ ಮೇಷ್ಟ್ರು

ಗುಮಾಸ್ತರೇ, ನಿಮ್ಮ ಪ್ರಶ್ನೆ ಓದಿದ ಮೇಲೆ ಎರಡು ದಿನ ಅದರಲ್ಲೇ ಇದ್ದೆ. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನು ನಾನು. ನಿಮ್ಮ ತಾಯಿ ಕೇಳಿದಂಥ ಪ್ರಶ್ನೆಯನ್ನು ಕ್ಲಾಸಿನಲ್ಲಿ ಒಬ್ಬರೂ ಕೇಳಲಿಲ್ಲ. ಕೇಳುವ ಹಾಗೆ ನಾನು ಕಲಿಸಲಿಲ್ಲ ಅನ್ನೋ ಬೇಸರವೂ ಇದೆ.

ಮೊದಲು ಶಹಾಪುರದ ಅಕ್ಕನವರಿಗೆ. ಅಕ್ಕಾ, ಟಿಕಳಿ ನಮ್ಮ ಕಡೆಯ ಟೀಕಾದ ಬಳಗದ್ದು. ಟಿಕೆಟ್‌ಗೂ ಅದಕ್ಕೂ ನಂಟಿಲ್ಲ, ಸಪ್ಪಳ ಹೊಂದಿಕೊಂಡಿದೆ ಅಷ್ಟೆ. ಆದರೆ 'ಅಂಟಿಸುವ ಚೀಟಿ' ಅಂದಿರಲ್ಲ, ಆ ಮಾತು ನೂರಕ್ಕೆ ನೂರು ಸರಿ. ದಾರಿ ತಪ್ಪಿದರೂ ಸರಿಯಾದ ಊರಿಗೇ ಬಂದಿದ್ದೀರಿ.

ಟಿಕೆಟ್ ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದಲ್ಲಿ, ಫ್ರೆಂಚಿನಿಂದ. ಹಳೆಯ ಫ್ರೆಂಚಿನಲ್ಲಿ 'ಎಸ್ತಿಕೆ' ಅಂದರೆ ಚುಚ್ಚಿ ನಿಲ್ಲಿಸು, ಹಚ್ಚು. ಅದರಿಂದ 'ಎಸ್ತಿಕೆಟ್'. ಬಾಗಿಲಿಗೋ ಗೋಡೆಗೋ ಹಚ್ಚಿದ ಸಣ್ಣ ಚೀಟಿ ಅಂತ ಅರ್ಥ. ಗ್ರಾಮ ಪಂಚಾಯ್ತಿ ಗೋಡೆಗೆ ನೋಟೀಸ್ ಹಚ್ಚುತ್ತಾರಲ್ಲ, ಅದೇ. ಫ್ರೆಂಚಿನವರಿಗೆ ಆ ಮಾತು ಜರ್ಮನಿಕ್ ಭಾಷೆ ಆಡುತ್ತಿದ್ದ ಫ್ರ್ಯಾಂಕ್ ಜನರಿಂದ ಸಿಕ್ಕಿತು. ಇಂಗ್ಲಿಷಿನ 'ಸ್ಟಿಕ್' ಕೂಡ ಅದೇ ಬೇರಿನದು. ಸ್ಟಿಕ್ಕರಿನ 'ಸ್ಟಿಕ್'.

ಇಲ್ಲಿ ಒಂದು ಸೊಗಸು ಇದೆ. ನಮ್ಮ ಅಜ್ಜಿಯರು 'ಸ್ಕೂಲ್' ಅನ್ನುತ್ತಿರಲಿಲ್ಲ, 'ಇಸ್ಕೂಲ್' ಅನ್ನುತ್ತಿದ್ದರು. 'ಸ್ಟೇಷನ್' ಅವರ ಬಾಯಲ್ಲಿ 'ಇಸ್ಟೇಷನ್'. ಹಳೆಯ ಫ್ರೆಂಚರೂ ಅದನ್ನೇ ಮಾಡಿದರು. 'ಸ್ತಿ' ಅಂತ ಮಾತು ಶುರು ಮಾಡಲು ಆಗದೆ ಮುಂದೆ ಒಂದು 'ಎ' ಸೇರಿಸಿಕೊಂಡರು. ಆಮೇಲೆ ನಡುವಿನ 'ಸ' ಸವೆದುಹೋಯಿತು, 'ಎಟಿಕೆಟ್' ಆಯಿತು. ಇಂಗ್ಲಿಷಿನವರು ಆ 'ಎ'ಯನ್ನೂ ಉದುರಿಸಿದರು. ಮೂಲದಲ್ಲಿದ್ದ 'ಸ' ಹೋಯಿತು, ಸೇರಿಸಿಕೊಂಡ 'ಎ'ಯೂ ಹೋಯಿತು. ಉಳಿದದ್ದು ಟಿಕೆಟ್. ಇಸ್ಕೂಲ್ ಅಂದ ಅಜ್ಜಿಯನ್ನು ನೋಡಿ ನಕ್ಕ ಮಕ್ಕಳಿಗೆ ಇದನ್ನು ಹೇಳಬೇಕಿತ್ತು ನಾನು.

ಈಗ ನಿಮ್ಮ ತಾಯಿಯ ಪ್ರಶ್ನೆ. ಶುರುವಿನಲ್ಲಿ ಟಿಕೆಟ್‌ಗೆ ರೊಕ್ಕದ ಗಾಳಿಯೇ ಇರಲಿಲ್ಲ. ಅದು ಒಂದು ಬರೆದ ಚೀಟಿ. ಆಮೇಲೆ ಪರವಾನಗಿ ಚೀಟಿ ಆಯಿತು. 17ನೇ ಶತಮಾನ ಮುಗಿಯುವುದರೊಳಗೆ 'ಇದನ್ನು ಹಿಡಿದವನಿಗೆ ಒಳಗೆ ಬಿಡಿ' ಅನ್ನುವ ಹಕ್ಕಿನ ಚೀಟಿ ಅನ್ನೋ ಅರ್ಥ ಗಟ್ಟಿಯಾಯಿತು. ಆ ಹಕ್ಕನ್ನು ದುಡ್ಡು ಕೊಟ್ಟು ಪಡೆಯಬಹುದು, ಇನ್ನೊಬ್ಬರು ಕೊಡಿಸಬಹುದು, ಸರ್ಕಾರವೇ ಕೊಡಬಹುದು. ದುಡ್ಡು ಹಕ್ಕಿಗೆ ಹೋಗುವ ಒಂದು ದಾರಿ, ಅಷ್ಟೆ. ಆಸ್ಟ್ರೇಲಿಯಾಕ್ಕೆ ಸಾಗಿಸಿದ ಬ್ರಿಟಿಷ್ ಕೈದಿಗಳಿಗೆ ಒಳ್ಳೆಯ ನಡತೆ ತೋರಿಸಿದರೆ 'ಟಿಕೆಟ್ ಆಫ್ ಲೀವ್' ಅಂತ ಕೊಡುತ್ತಿದ್ದರು. ಶಿಕ್ಷೆ ಮುಗಿಯುವ ಮೊದಲೇ ಹೊರಗೆ ದುಡಿದು ತಿನ್ನಲು ಬಿಡುವ ಚೀಟಿ. ಅದನ್ನು ಯಾರೂ ಕೌಂಟರಿನಲ್ಲಿ ಕೊಂಡದ್ದಲ್ಲ. ನಿಮ್ಮ ತಾಯಿಯ ಸೊನ್ನೆ ಚೀಟಿಯೂ ಹಕ್ಕಿನ ಚೀಟಿಯೇ. ಕಂಡಕ್ಟರ್ ಹೇಳಿದ್ದೂ ಸರಿ. ಎಷ್ಟು ಹೆಣ್ಣುಮಕ್ಕಳು ಎಲ್ಲಿಂದ ಎಲ್ಲಿಗೆ ಹೋದರು ಅನ್ನೋ ಲೆಕ್ಕ ಆ ಚೀಟಿಯಲ್ಲಿದೆ. ಸರ್ಕಾರ ನಿಗಮಕ್ಕೆ ಹಣ ಕೊಡುವುದು ಆ ಲೆಕ್ಕ ಹಿಡಿದೇ.

ಪಾರ್ಟಿ ಟಿಕೆಟ್ ಅಮೆರಿಕದ್ದು. ಅಲ್ಲಿ 18ನೇ ಶತಮಾನದಿಂದಲೇ ಒಂದು ಪಂಗಡದ ಅಭ್ಯರ್ಥಿಗಳ ಹೆಸರಿನ ಪಟ್ಟಿಗೆ ಟಿಕೆಟ್ ಅನ್ನುತ್ತಿದ್ದರು. ಮುಂದೆ ಪಾರ್ಟಿಗಳೇ ಪಟ್ಟಿ ಅಚ್ಚು ಹಾಕಿಸಿ ಹಂಚುತ್ತಿದ್ದವು, ಕೆಲವು ಕಡೆ ಬಣ್ಣದ ಕಾಗದದಲ್ಲಿ. ಜನ ಅದನ್ನೇ ತಂದು ಪೆಟ್ಟಿಗೆಗೆ ಹಾಕುವುದು. ಯಾರು ಯಾವ ಪಾರ್ಟಿಗೆ ಹಾಕಿದರು ಅಂತ ಊರಿಗೆಲ್ಲ ಕಾಣುತ್ತಿತ್ತು! 1888ರಿಂದ ಈಚೆಗೆ ಅಲ್ಲಿ ಸರ್ಕಾರವೇ ಮತಪತ್ರ ಅಚ್ಚು ಹಾಕಿಸಲು ಶುರು ಮಾಡಿತು. ಪಾರ್ಟಿಯ ಕಾಗದ ಹೋಯಿತು, ಮಾತು ಉಳಿಯಿತು. ಅಲ್ಲಿ ಟಿಕೆಟ್ ಅಂದರೆ ಹತ್ತಾರು ಹೆಸರಿನ ಪಟ್ಟಿ. ನಮ್ಮಲ್ಲಿ ಅದು ಒಬ್ಬನ ಕೈಗೆ ಸಿಗುವ ವಸ್ತು. 'ಟಿಕೆಟ್ ಸಿಕ್ತು' ಅಂದರೆ ಬಿ ಫಾರಂ ಬಂತು ಅಂತ ತಾನೇ? ಆ ತಿರುವು ಕೊಟ್ಟವರು ನಾವು.

ನಿಮ್ಮ ಮಗಳ ಟಿಕೆಟ್ ಹೊಸದು ಅನ್ನಿಸುತ್ತದೆ, ಆದರೆ ಎಲ್ಲಕ್ಕಿಂತ ಹಳೆಯ ಅರ್ಥಕ್ಕೆ ಅದೇ ಹತ್ತಿರ. ಗಡಿಯಾರ ರಿಪೇರಿಗೆ ಕೊಟ್ಟರೆ ಹೆಸರು, ಏನು ಕೆಟ್ಟಿದೆ ಅಂತ ಒಂದು ಚೀಟಿ ಬರೆದು ಅದಕ್ಕೇ ಕಟ್ಟಿಡುತ್ತಾರಲ್ಲ? ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಸಾವಿನ ಟಿಕೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊರಡುವವರಿಗೆ ಟಿಕೆಟ್ ಬೇಕು.

ಇನ್ನು ಎರಡು ಕುಡಿಗಳು. 1750ರ ಹೊತ್ತಿಗೆ ಇಂಗ್ಲಿಷಿನವರು ಅದೇ ಫ್ರೆಂಚ್ ಮಾತನ್ನು ಇನ್ನೊಂದು ಸಲ ತಂದುಕೊಂಡರು, ಈ ಸಲ ಪೂರ್ತಿಯಾಗಿ: 'ಎಟಿಕೆಟ್'. ನಯ, ಮರ್ಯಾದೆ, ಎಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನೋದು. ಫ್ರಾನ್ಸಿನಲ್ಲಿ ಇವತ್ತಿಗೂ ಬಾಟಲಿಯ ಮೇಲಿನ ಲೇಬಲ್ ಎಟಿಕೆಟ್ಟೇ. ವರ್ಸೇಲ್ಸ್ ಅರಮನೆಯ ಮಾಲಿ 'ಹುಲ್ಲು ತುಳಿಯಬೇಡಿ' ಅಂತ ಚೀಟಿ ನೆಟ್ಟ, ಅದರಿಂದ ಈ ಅರ್ಥ ಬಂತು ಅಂತ ಒಂದು ಕಥೆ ಓಡಾಡುತ್ತದೆ. ಕೇಳಲು ಚೆಂದ, ಆಧಾರ ಇಲ್ಲ, ಹಂಚಬೇಡಿ. ಇನ್ನೊಂದು ಕುಡಿ 'ಟಿಕ್'. 17ನೇ ಶತಮಾನದಲ್ಲಿ ಟಿಕೆಟ್ ಅನ್ನೋದನ್ನೇ ಮೊಟಕು ಮಾಡಿಕೊಂಡದ್ದು. 'ಆನ್ ಟಿಕ್' ತಂದರು ಅಂದರೆ ಅಂಗಡಿಯಿಂದ ಉದ್ದರಿ ತಂದರು ಅಂತ. ಇಂಗ್ಲೆಂಡಿನಲ್ಲಿ ಈಗಲೂ ಹಾಗೆ ಅನ್ನುವವರಿದ್ದಾರೆ.

ಕನ್ನಡದ ಮಾತು ಕೇಳಿದಿರಿ. ಚೀಟಿ ಇದೆಯಲ್ಲ! ಹಿಂದಿ ಮರಾಠಿಯ ಚಿಟ್ಠಿಯ ಬಳಗದ್ದು. ಇಂಗ್ಲಿಷಿನವರು ಇಲ್ಲಿಗೆ ಬಂದು ಅದನ್ನೂ ಕಲಿತರು. 'ಚಿಟ್' ಅಂತ ಅವರ ನಿಘಂಟಿನಲ್ಲಿ ಇರುವುದು ಅದೇ. ಅವರು ಟಿಕೆಟ್ ಕೊಟ್ಟರು, ಇಲ್ಲಿಂದ ಚಿಟ್ ಒಯ್ದರು.

ಒಂದು ಮಾತು ಹೇಳದೆ ಮುಗಿಸಲು ಮನಸ್ಸಿಲ್ಲ. ಟಿಕೆಟ್, ಸ್ಟಿಕ್ ಇವುಗಳ ಬೇರು ಇನ್ನೂ ಆಳಕ್ಕೆ ಹೋಗುತ್ತದೆ. ಚೂಪು, ಚುಚ್ಚು ಅನ್ನೋ ಅರ್ಥದ ಬಹಳ ಹಳೆಯ ಬೇರು ಅದು. ಸಂಸ್ಕೃತದ ತೀಕ್ಷ್ಣ, ತೇಜಸ್ಸು ಆ ಬೇರಿನವು ಅಂತ ಭಾಷಾ ಪಂಡಿತರು ಹೇಳುತ್ತಾರೆ. ಫಾರ್ಸಿಯ 'ತೇಜ್' ಕೂಡ. ಬಹಮನಿ ಸುಲ್ತಾನರು ಕಲಬುರಗಿಯಿಂದ ಬೀದರಿಗೆ ರಾಜಧಾನಿ ತಂದರು, ಅವರ ದರಬಾರಿನ ಭಾಷೆ ಫಾರ್ಸಿ. ಇರಾನಿನ ಗೀಲಾನಿನಿಂದ ಬಂದ ಮಹಮೂದ್ ಗವಾನ್ ಇಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ. ನಾನು ದಿನಾ ಸಂಜೆ ಅದರ ನೀಲಿ ಹೆಂಚಿನ ಗೋಡೆ ದಾಟಿ ಚಹಾಕ್ಕೆ ಹೋಗುತ್ತೇನೆ. "ಜರಾ ತೇಜ್ ಮಾಡ್ರಿ" ಅನ್ನುತ್ತೇನೆ. ಆ ತೇಜ್ ಮತ್ತು ನಿಮ್ಮ ತಾಯಿಯ ಟಿಕೆಟ್ ದೂರದ ಅಕ್ಕತಂಗಿಯರು.

ವಾಡಿ ಜಂಕ್ಷನ್

ಮೇಷ್ಟ್ರಿಗೆ ಶರಣು. ರೈಲಿನ ಟಿಕೆಟ್ ಬಗ್ಗೆ ಏನೂ ಬರೆಯಲಿಲ್ಲ, ಅದನ್ನು ನಾನು ಸೇರಿಸುತ್ತೇನೆ. ಬುಕಿಂಗ್ ಕ್ಲರ್ಕ್ ಆಗಿ ಕೆಲಸ ಮಾಡಿದವನು.

ರೈಲು ಶುರುವಾದ ಹೊಸದರಲ್ಲಿ ಇಂಗ್ಲೆಂಡಿನಲ್ಲಿ ಗುಮಾಸ್ತ ಪ್ರತಿಯೊಬ್ಬರಿಗೂ ಕೈಯಿಂದ ಚೀಟಿ ಬರೆದು ಕೊಡಬೇಕಿತ್ತು. ಗಾಡಿ ಹೊರಡುವ ಹೊತ್ತಿಗೆ ಎಷ್ಟು ಮಂದಿಗೆ ಬರೆಯುತ್ತೀರಿ? ಕಟ್ಟಿಗೆ ಪೀಠೋಪಕರಣದ ಕೆಲಸ ಕಲಿತು, ಆಮೇಲೆ ಸ್ಟೇಷನ್ ಮಾಸ್ಟರ್ ಆಗಿದ್ದ ತಾಮಸ್ ಎಡ್ಮಂಡ್ಸನ್ ಎಂಬುವನು 1830ರ ದಶಕದ ಕೊನೆಯಲ್ಲಿ ಇದಕ್ಕೆ ದಾರಿ ಹುಡುಕಿದ. ಮೊದಲೇ ಅಚ್ಚು ಹಾಕಿದ ರಟ್ಟಿನ ತುಂಡು, ಅದಕ್ಕೆ ಸಾಲು ನಂಬರು, ತಾರೀಕು ಒತ್ತಲು ಒಂದು ಯಂತ್ರ. ಮಾರಿದ್ದೆಷ್ಟು ಅಂತ ತಿಳಿಯಲು ಮೊದಲ ನಂಬರು, ಕೊನೆಯ ನಂಬರು ನೋಡಿದರೆ ಸಾಕು.

ಆ ರಟ್ಟಿನ ಟಿಕೆಟ್ಟನ್ನೇ ನಾನೂ ಮಾರಿದೆ. ಉದ್ದ ಎರಡೂಕಾಲು ಇಂಚು. ಊರಿಗೊಂದು ಗೂಡು, ಗೂಡಿನಲ್ಲಿ ಟಿಕೆಟ್ ಒಂದರ ಮೇಲೊಂದು. ಕೆಳಗಿನದನ್ನು ಬೆರಳಿನಿಂದ ಎಳೆದು ಯಂತ್ರದ ಬಾಯಿಗೆ ತೂರಿದರೆ 'ಧಡಕ್' ಅಂತ ತಾರೀಕು ಕೂಡುತ್ತಿತ್ತು. ನಿಮ್ಮ ಟಿಕ್ ಟಿಕ್ ಹಾಗೆ ನಮ್ಮದು ಧಡಕ್ ಧಡಕ್. ಡ್ಯೂಟಿ ಮುಗಿದ ಮೇಲೆ ಮನೆಯಲ್ಲಿ ಮಲಗಿದರೂ ಕೇಳುತ್ತಿತ್ತು.

ಇನ್ನೊಂದು ಸಂಗತಿ. ವಾಡಿಯಿಂದ ಹೈದರಾಬಾದ್ ಕಡೆಗೆ ನಿಜಾಮರ ರೈಲು ಓಡಿದ್ದು 1874ರಲ್ಲಿ. 1932ರಲ್ಲಿ ಅದೇ ನಿಜಾಮರ ರೈಲ್ವೆಯ ಒಂದು ವಿಭಾಗವಾಗಿ 27 ಬಸ್ಸುಗಳಿಂದ ಸರ್ಕಾರಿ ಬಸ್ ಸೇವೆ ಶುರುವಾಯಿತು. ಆಗ ನಮ್ಮ ಜಿಲ್ಲೆ ಹೈದರಾಬಾದ್ ಸಂಸ್ಥಾನದಲ್ಲೇ ಇತ್ತಲ್ಲ. ರೈಲು ಟಿಕೆಟ್ ಮತ್ತು ಬಸ್ ಟಿಕೆಟ್ ಈ ಸೀಮೆಯಲ್ಲಿ ಒಂದೇ ಮನೆಯ ಮಕ್ಕಳು.

ಕಿರಾಣಿ ಅಂಗಡಿ, ಯಾದಗಿರಿ

'ಆನ್ ಟಿಕ್' ಓದಿ ನನ್ನ ಅಂಗಡಿಯಲ್ಲೇ ಯಾರೋ ನಿಂತು ಮಾತಾಡಿದ ಹಾಗಾಯಿತು. 'ಇಂದು ನಗದು, ನಾಳೆ ಉದ್ದರಿ' ಅಂತ ಬೋರ್ಡ್ ಹಾಕಿದ್ದೇನೆ. ಆದರೂ ಉದ್ದರಿ ಇಲ್ಲದೆ ಇಲ್ಲಿ ಅಂಗಡಿ ನಡೆಯಲ್ಲ. ಹತ್ತಿ, ತೊಗರಿ ಮಾರಿ ರೊಕ್ಕ ಬರುವ ತನಕ ಹಳ್ಳಿಯವರು ಏನು ಮಾಡಬೇಕು?

ದೊಡ್ಡ ಲೆಕ್ಕ ವಹಿಯಲ್ಲಿ ಬರೆಯುತ್ತೇನೆ. ಸಣ್ಣದಕ್ಕೆ ಚೀಟಿ. ಅರ್ಧ ಕಿಲೋ ಸಕ್ಕರೆ, ಒಂದು ಚಾಪುಡಿ ಪಾಕೀಟು, ಹೆಸರು, ಅಷ್ಟೆ. ಗಲ್ಲೆಯ ಪಕ್ಕ ಒಂದು ಮರದ ತುಂಡಿಗೆ ದಪ್ಪ ತಂತಿ ನಿಲ್ಲಿಸಿದ್ದೇನೆ, ತುದಿ ಸೂಜಿಯ ಹಾಗೆ. ನಮ್ಮ ಅಪ್ಪನ ಕಾಲದ್ದು. ಚೀಟಿಯನ್ನು ಅದಕ್ಕೆ ಚುಚ್ಚಿಡುತ್ತೇನೆ. ರೊಕ್ಕ ಕೊಟ್ಟ ದಿನ ಅವರ ಎದುರಿಗೇ ತಂತಿಯಿಂದ ತೆಗೆದು ಅವರ ಕೈಗೇ ಕೊಡುತ್ತೇನೆ, ಅವರೇ ಹರಿಯುತ್ತಾರೆ. ಮೇಷ್ಟ್ರು 'ಚುಚ್ಚಿ ನಿಲ್ಲಿಸಿದ ಚೀಟಿ' ಅಂದರಲ್ಲ, ಎದ್ದು ಹೋಗಿ ಆ ತಂತಿಯನ್ನು ಮತ್ತೊಮ್ಮೆ ನೋಡಿ ಬಂದೆ. ಇಷ್ಟು ವರ್ಷ ಟಿಕೆಟ್ ಇಟ್ಟುಕೊಂಡೇ ಕೂತಿದ್ದೆ, ಗೊತ್ತಿರಲಿಲ್ಲ.

ಗಂಜ್ ಗುಮಾಸ್ತ, ಕಲಬುರಗಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ಊಟ ಆದ ಮೇಲೆ ಅವ್ವನಿಗೆ ಒಂದೊಂದಾಗಿ ಓದಿ ಹೇಳಿದೆ. ಇಸ್ಕೂಲ್ ಮಾತಿಗೆ ನಕ್ಕಳು. ಬಳೆ ಅಂಗಡಿ ಅಕ್ಕನ ಟಿಕಳಿ ಆಕೆಗೆ ಭಾಳ ಹಿಡಿಸಿತು, ಅದು ತಪ್ಪು ಅಂದರೂ ಒಪ್ಪಲಿಲ್ಲ. ಹಕ್ಕಿನ ಚೀಟಿ ಅನ್ನೋ ಕಡೆ ಮಾತ್ರ ನನ್ನನ್ನು ನಿಲ್ಲಿಸಿ ಇನ್ನೊಮ್ಮೆ ಓದು ಅಂದಳು. ಓದಿದೆ.

"ಹಂಗಾದ್ರ ನಂದೂ ಖರೇ ಟಿಕೀಟೇ ಅದ" ಅಂದಳು.

ಆಮೇಲೆ ಅಪ್ಪನ ಟ್ರಂಕು ಇಳಿಸು ಅಂದಳು. ಟ್ರೇ, ಪಂಚು ಎಲ್ಲ ಡಿಪೋಕ್ಕೆ ಒಪ್ಪಿಸಿಯಾಗಿತ್ತು. ಟ್ರಂಕಿನಲ್ಲಿ ಇದ್ದದ್ದು ಒಂದು ಖಾಕಿ ಅಂಗಿ, ಆ ಚರ್ಮದ ಚೀಲ. ಚೀಲದ ಬಾಯಿ ಒಣಗಿ ಕಟ್ಟಿಗೆಯ ಹಾಗೆ ಆಗಿದೆ. ಒಳಗೆ ಏನೂ ಇಲ್ಲ ಅಂದುಕೊಂಡು ತಲೆಕೆಳಗು ಮಾಡಿ ಕೊಡವಿದೆ. ಹೊಲಿಗೆಯ ಮೂಲೆಯಿಂದ ಸಣ್ಣ ಸಣ್ಣ ಕಾಗದದ ಚುಕ್ಕೆಗಳು ಉದುರಿದವು. ಪಂಚಿನಿಂದ ತೂತು ಹಾಕಿದಾಗ ಬೀಳುವ ಚೂರುಗಳು. ಎಳ್ಳಿನಕಾಳಿಗಿಂತ ತುಸು ದೊಡ್ಡವು. ಗುಲಾಬಿ, ಹಸಿರು, ಹಳದಿ, ಎಲ್ಲ ಬಣ್ಣ ಮಾಸಿದೆ.

ಫ್ಯಾನ್ ಬಂದ್ ಮಾಡು ಅಂದಳು ಅವ್ವ. ಅಂಗೈಯಲ್ಲಿ ಹಾಕಿಕೊಂಡು ಎಣಿಸಲು ಕೂತಳು. ಹದಿನೇಳು ಇದ್ದವು.